ಮಗುಚಿದ ದೋಣಿಯ ನೆರಳು

ಗೊರಬನ್ನು ನೋಡಿದವರಿಗೆ ಮೊದಲು ನೆನಪಾಗುವುದು ದೋಣಿ. ಬಿದಿರಿನ ಸೀಳುಗಳನ್ನು ಜಾಲರಿಯಾಗಿ ಹೆಣೆದು, ನಡುವೆ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿ ಬಿಗಿದ ಹೊದಿಕೆ ಅದು. ನಾಟಿಗೆ ಬಗ್ಗಿದ ಹೆಂಗಸು ಅದನ್ನು ನೆತ್ತಿಯಿಂದ ಸೊಂಟದವರೆಗೆ ಹೊತ್ತುಕೊಂಡರೆ, ಸಣ್ಣದೊಂದು ದೋಣಿಯನ್ನು ಮಗುಚಿ ಬೆನ್ನಿಗೆ ಕವುಚಿದಂತೆ ಕಾಣುತ್ತದೆ. ಮಲೆನಾಡಿನಲ್ಲೆಲ್ಲ ಇದ್ದ ಈ ಸಾಧನಕ್ಕೆ ಊರೂರಿಗೆ ಹೆಸರು ಬೇರೆ, ಎಲೆ ಬೇರೆ, ಉಪಯೋಗ ಒಂದೇ. ಕೊಡಗಿನ ತಲೆಯುಡುಗೆಯ ಚರಿತ್ರೆ ಎಂದಾಗ ಮಾತ್ರ ಇದನ್ನು ಯಾರೂ ಎತ್ತುವುದಿಲ್ಲ. ಎತ್ತುವುದು ಕೊಡವ ಗಂಡಸರ ನಿಲುವಂಗಿ ಕುಪ್ಯ, ನಡುಪಟ್ಟಿ ಚೇಲೆಗಳ ಜೊತೆಗೆ ಬರುವ ಜರಿಯ ಪೇಟ ಮಂಡೆತುಣಿಯನ್ನು. ಅದಾದ ಮೇಲೆ ಕಾಫಿ ತೋಟದ ದೊರೆಯ ಬಿಳಿ ಹ್ಯಾಟನ್ನು. ಬಿಸಿಲಿನಿಂದ ಚರ್ಮವನ್ನು ಕಾಯುವ ಪ್ರಶ್ನೆಯನ್ನು ಇವೆರಡರ ಮುಂದಿಟ್ಟರೆ ಎರಡೂ ತಡವರಿಸುತ್ತವೆ. ಮಂಡೆತುಣಿಗೆ ಆ ಉದ್ದೇಶವೇ ಇರಲಿಲ್ಲ. ದೊರೆಯ ಹ್ಯಾಟಿಗೆ ಬಿಸಿಲಿನ ಉದ್ದೇಶ ಇತ್ತು, ಆದರೆ ಅದು ಕಾಯಲು ಹೊರಟದ್ದು ಚರ್ಮವನ್ನಲ್ಲ. ಮುಖಕ್ಕೂ ಕತ್ತಿಗೂ ನಿಜವಾಗಿ ನೆರಳು ಕೊಟ್ಟದ್ದು ಗದ್ದೆಯಲ್ಲೂ ನೀರಿನ ಮೇಲೂ ದುಡಿಯುವವರ ಹೊದಿಕೆ. ಅದನ್ನು ಟೋಪಿಯ ಲೆಕ್ಕಕ್ಕೇ ಸೇರಿಸದೆ ಹೋದದ್ದರಿಂದ ನಮಗೆ ಒಂದು ತಿಳಿವಳಿಕೆ ತಪ್ಪಿತು.

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ಮಾದಾಪುರದಿಂದ ಈ ಮಾತನ್ನು ನೋಡುವುದು ಅನುಕೂಲ. ಹಳೆಯ ಅರಸರ ಹಾಲೇರಿ ಇಲ್ಲಿಂದ ದೂರವಿಲ್ಲ. ಸುತ್ತ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ; ಊರಿನ ಹೊಳೆ ಹರಿದು ಹಾರಂಗಿಯನ್ನು ಸೇರುತ್ತದೆ, ಹಾರಂಗಿ ಕುಶಾಲನಗರದ ಆಚೆ ಕಾವೇರಿಯನ್ನು. ಇಂಥ ಹೊಳೆಗಳಿಗೆ ಒಂದು ಗುಣವಿದೆ. ಬೇಸಿಗೆಯಲ್ಲಿ ದಾಟಲು ದೋಣಿ ಬೇಕಿಲ್ಲ, ಮೊಣಕಾಲವರೆಗೆ ಬಟ್ಟೆ ಎತ್ತಿಕೊಂಡರೆ ಸಾಕು. ದೋಣಿಯೋ ತೆಪ್ಪವೋ ಹರಿಗೋಲೋ ಬೇಕಾಗುವುದು ಜೂನ್‌ನಿಂದೀಚೆಗೆ, ಹೊಳೆ ಕೆಂಪಾಗಿ ದಡ ಮುಟ್ಟಿದಾಗ. ಅಂದರೆ ಮಲೆನಾಡಿನಲ್ಲಿ ದೋಣಿಯ ಕಾಲವೂ ಮಳೆಯ ಕಾಲವೂ ಒಂದೇ ಆಗಿತ್ತು. ಹೊಳೆ ದಾಟಿಸುವವನ ತಲೆಯ ಮೇಲೆ ಇದ್ದದ್ದು ಮಳೆಯ ಹೊದಿಕೆ: ಕಂಬಳಿಕೊಪ್ಪೆ, ಗೊರಬು, ಓಲೆಕೊಡೆ. ಘಟ್ಟದ ಕೆಳಗೆ ಹೀಗಲ್ಲ. ಅಲ್ಲಿ ಕಡಲು, ಅಳಿವೆ, ಹಿನ್ನೀರುಗಳಲ್ಲಿ ವರ್ಷವಿಡೀ ದೋಣಿ ಓಡುತ್ತದೆ. ಆದ್ದರಿಂದಲೇ ಕೇರಳದ ದೋಣಿಕಾರನ ತಲೆಗೆ ತೊಪ್ಪಿಕ್ಕುಡ ಬಂತು. ಹೆಸರೇ ಹೇಳುವಂತೆ ಅದು ಅರ್ಧ ಟೊಪ್ಪಿ, ಅರ್ಧ ಕೊಡೆ. ಕೈ ಎರಡೂ ಜಲ್ಲೆಯ ಮೇಲಿರುವವನಿಗೆ ಹಿಡಿಯಬೇಕಿಲ್ಲದ ಕೊಡೆ. ತುಳುನಾಡಿನ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಇನ್ನೊಂದು ಜಾತಿಯದು. ಅದಕ್ಕೆ ಅಗಲ ಅಂಚಿಲ್ಲ. ನೆತ್ತಿಯನ್ನು ಕಾಯುತ್ತದೆ, ಹೊರೆಗೆ ಮೆತ್ತೆಯಾಗುತ್ತದೆ, ಮುಖವನ್ನು ಬಿಸಿಲಿಗೆ ಬಿಡುತ್ತದೆ. ಜನಪದದ್ದೆಲ್ಲ ವಿಜ್ಞಾನವೇ ಎಂದು ಹೊಗಳುವ ಆತುರದಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದು.

ಅಂಚಿನ ಮಾತೇ ಈ ಲೇಖನದ ಮುಖ್ಯ ಮಾತು. ಕನ್ನಡ ನಾಡಿನಲ್ಲಿ ಗೌರವದ ತಲೆಯುಡುಗೆಗೆ ಅಂಚು ಇದ್ದದ್ದೇ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಅರಸನ ತಲೆಯ ಜರತಾರಿ ಕುಲಾಯಿಯನ್ನು ಕಂಡು, ಅದು ತನ್ನ ಕಡೆಯ ಶಿರಸ್ತ್ರಾಣದಂತಿದೆ ಎಂದು ಬರೆದ. ತಿರುಮಲೆಯ ಕಂಚಿನ ವಿಗ್ರಹದಲ್ಲಿ ಕೃಷ್ಣದೇವರಾಯನ ತಲೆಯ ಮೇಲಿರುವುದೂ ಎತ್ತರದ, ಅಂಚಿಲ್ಲದ ಟೋಪಿಯೇ. (ಅದರ ಹೆಸರು ಇಂದು ಕೂಸಿನ ಕುಲಾವಿಯಾಗಿ ಉಳಿದಿದೆ, ಸಾಮ್ರಾಟನ ತಲೆಯಿಂದ ತೊಟ್ಟಿಲಿಗೆ ಇಳಿದ ಪದ.) ಅದೇ ಪಾಯಸ್ ತುಂಗಭದ್ರೆಯ ಹರಿಗೋಲನ್ನೂ ಕಂಡ: ಬುಟ್ಟಿಯಂತೆ ದುಂಡಗಿನದು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿಯನ್ನು ಹೊರುವಂಥದು. ಅರಸನ ಟೋಪಿಯ ವಿವರ ಬರೆದವನು ಹರಿಗೋಲು ನಡೆಸುವವನ ತಲೆಯ ಮೇಲೆ ಏನಿತ್ತೆಂದು ಬರೆಯಲಿಲ್ಲ. ಮೈಸೂರು ಪೇಟ, ರುಮಾಲು, ಮಂಡೆತುಣಿ ಎಲ್ಲವೂ ಅದೇ ಸಾಲಿನವು. ನೆತ್ತಿಗೆ ಬಟ್ಟೆಯ ದಪ್ಪ ಸಿಗುತ್ತದೆ, ಮೂಗಿಗೆ, ಕೆನ್ನೆಗೆ ಏನೂ ಸಿಗದು. ಗೌರವಸ್ಥರು ಬಿಸಿಲಿಗೆ ಹೆದರಲಿಲ್ಲವೆಂದಲ್ಲ. ಅವರ ನೆರಳನ್ನು ಬೇರೆಯವರು ಹಿಡಿಯುತ್ತಿದ್ದರು. ಕೊಡೆಗೆ ಸಂಸ್ಕೃತದಲ್ಲಿ ಆತಪತ್ರ ಎಂದು ಹೆಸರು, ಬಿಸಿಲಿನಿಂದ ಕಾಯುವುದು ಎಂದೇ ಅದರ ಅರ್ಥ. ಹಳಗನ್ನಡದ ಬೆಳ್ಗೊಡೆ ರಾಜಚಿಹ್ನೆ. ಬಿಸಿಲ ಕೊಡೆ ಅರಸನಿಗೆ, ಮಳೆಯ ಕೊಪ್ಪೆ ಆಳಿಗೆ. ತಾನೇ ತಲೆಯ ಮೇಲೆ ಹೊತ್ತ ನೆರಳು ದುಡಿಯುವವನ ಗುರುತು ಎಂದಾದ ಮೇಲೆ ಅಂಚಿರುವ ಟೊಪ್ಪಿಗೆ ಮರ್ಯಾದೆ ಬರುವುದಾದರೂ ಹೇಗೆ? ಕೊಡವ ಹೆಂಗಸರ ತಲೆಯ ವಸ್ತ್ರ ಇದಕ್ಕೆ ಸ್ವಲ್ಪ ಅಪವಾದ. ಹಿಂದಕ್ಕೆ ಇಳಿಬಿದ್ದು ಕತ್ತನ್ನು ಮುಚ್ಚುವ ಅದು ಗಂಡಸರ ಮಂಡೆತುಣಿಗಿಂತ ಹೆಚ್ಚು ಚರ್ಮವನ್ನು ಕಾಯುತ್ತದೆ.

ಅಂಚಿಗೆ ಗೌರವ ಬಂದದ್ದು ಬೇರೆ ದಾರಿಯಿಂದ, ತಪ್ಪು ಕಾರಣಕ್ಕೆ. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಹಿಂದೆಯೇ ಬಂದ ತೋಟದ ದೊರೆಗಳ ತಲೆಯ ಮೇಲೆ ಬಂದದ್ದು ಸೋಲಾ ಟೋಪಿ. ಇಂಗ್ಲಿಷರ ಬಾಯಲ್ಲಿ ಅದು ಸೋಲಾರ್ ಆಗಿ, ಸೂರ್ಯನ ಹೆಸರಿನ ಟೋಪಿ ಎಂಬ ಭ್ರಮೆ ಹುಟ್ಟಿತು. ನಿಜದಲ್ಲಿ ಸೋಲಾ ಎಂಬುದು ಬಂಗಾಳದ ಕೆರೆ, ಜೌಗುಗಳಲ್ಲಿ ಬೆಳೆಯುವ ಗಿಡ. ಅದರ ಹಗುರವಾದ ಬಿಳಿ ಬೆಂಡಿನಿಂದ ಮದುವಣಿಗನ ತೋಪೊರ್ ಎಂಬ ಕಿರೀಟವನ್ನೂ ಮಾಡುತ್ತಾರೆ. ಬೆಂಡು ಹಗುರ, ಶಾಖವನ್ನು ತಡೆಯುತ್ತದೆ, ಅಂಚು ಅಗಲ. ವಸ್ತುವಾಗಿ ಒಳ್ಳೆಯದೇ. ಕೆಟ್ಟದ್ದಿದ್ದದ್ದು ಅದರ ಹಿಂದಿನ ನಂಬಿಕೆಯಲ್ಲಿ. ಉಷ್ಣವಲಯದ ಬೆಳಕಿನಲ್ಲಿ ಏನೋ ವಿಶೇಷ ಕಿರಣವಿದೆ, ಅದು ಬಿಳಿಯರ ತೆಳು ತಲೆಬುರುಡೆಯನ್ನು ತೂರಿ ಮಿದುಳನ್ನು ಕೆಡಿಸುತ್ತದೆ, ಕರಿಯರಿಗೆ ಆ ಭಯವಿಲ್ಲ ಎಂಬುದು ಆ ನಂಬಿಕೆ. 1905ರಲ್ಲಿ ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ ಇದರ ಮೇಲೆ ಪುಸ್ತಕವನ್ನೇ ಬರೆದ. ಬೆನ್ನುಹುರಿಗೂ ಕಿರಣ ತಾಕುತ್ತದೆಂದು ಅಂಗಿಯೊಳಗೆ ಬೆನ್ನಿಗೆ ಮೆತ್ತೆ ಹೊಲಿಸಿಕೊಂಡವರಿದ್ದರು. ಫಿಲಿಪೈನ್ಸ್‌ನಲ್ಲಿ ಅಮೆರಿಕದ ಸೇನೆ ಸೈನಿಕರಿಗೆ ಕಿತ್ತಳೆಗೆಂಪಿನ ಒಳಉಡುಪು ತೊಡಿಸಿ ಪರೀಕ್ಷೆ ಮಾಡಿತು; ಸೆಕೆ ಹೆಚ್ಚಿದ್ದು ಬಿಟ್ಟರೆ ಬೇರೆ ಫಲ ಕಾಣಲಿಲ್ಲ.

ಸೋಲಾ ಟೋಪಿ ಹೀಗೆ ಚರ್ಮದ ರಕ್ಷಣೆಗಿಂತ ಜಾತಿಯ ಗುರುತಾಯಿತು. ಹಿಂದುಸ್ತಾನಿಯಲ್ಲಿ ಯುರೋಪಿಯನ್ನರಿಗೆ ಟೋಪಿವಾಲಾ ಎಂದೇ ಹೆಸರು ಬಿದ್ದಿತ್ತು. ಈ ಟೋಪಿಯ ವಿಚಿತ್ರ ತರ್ಕವನ್ನು ಕೊಡಗಿನ ತೋಟಗಳೇ ಬಯಲಿಗೆ ತರುತ್ತವೆ. ತನ್ನ ನೆತ್ತಿಗೆ ಅಷ್ಟು ದಪ್ಪ ನೆರಳು ಹೊತ್ತ ದೊರೆ ಕಾಫಿ ಗಿಡದ ನೆತ್ತಿಯ ನೆರಳನ್ನು ಕಡಿಸಿಹಾಕಿದ. ಮೊದಲ ತೋಟಗಳಲ್ಲಿ ಕಾಡನ್ನು ಬೋಳಿಸಿ, ಸುಟ್ಟು, ಬಯಲು ಬಿಸಿಲಿನಲ್ಲಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ತೋಟಕ್ಕೆ ತೋಟವೇ ಒಣಗಿದಾಗ, ಬಿಸಿಲು ಬಿದ್ದ ಕಾಂಡವೇ ಆ ಹುಳುವಿಗೆ ಪ್ರಿಯವೆಂದು ಗೊತ್ತಾಗಿ, ಮರಗಳನ್ನು ಮತ್ತೆ ಬೆಳೆಸಿದರು. ಇಂದು ಕೊಡಗಿನ ಕಾಫಿ ನೆರಳಿನ ಕಾಫಿ ಎಂದು ಹೆಸರು ಮಾಡಿದ್ದರೆ ಅದಕ್ಕೆ ಆ ಹುಳುವಿನ ಪಾಠವೂ ಒಂದು ಕಾರಣ. ಗಿಡಕ್ಕೆ ನೆರಳು ವಾಪಸು ಬಂತು. ಅದೇ ಬೋಳು ಗುಡ್ಡದಲ್ಲಿ ಗುಂಡಿ ತೋಡಿದ ಕೂಲಿಯವರಿಗೆ ಟೋಪಿ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅವರ ತಲೆಬುರುಡೆ ದಪ್ಪ ಎಂದು ಶಾಸ್ತ್ರವೇ ಹೇಳುತ್ತಿತ್ತಲ್ಲ.

ಬಿಸಿಲು ನಿಜವಾಗಿ ಏನು ಮಾಡುತ್ತದೆಂಬ ಸುಳಿವು ಸಿಕ್ಕಿದ್ದು ಬೇರೆಡೆ, ಅದೂ ನೀರಿನ ಮೇಲೆ ಬದುಕುವವರ ಮೈಮೇಲೆ. ಹ್ಯಾಂಬರ್ಗ್ ಬಂದರಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ 1894ರಲ್ಲಿ ಹಡಗಿನವರ ಮುಖ, ಕತ್ತು, ಕೈಗಳ ಚರ್ಮ ಒರಟಾಗಿ, ಕಲೆಗಟ್ಟಿ, ಕೆಲವರಲ್ಲಿ ಕ್ಯಾನ್ಸರ್‌ವರೆಗೆ ಹೋಗುವುದನ್ನು ವಿವರಿಸಿ, ಅದಕ್ಕೆ ನಾವಿಕನ ಚರ್ಮ ಎಂದೇ ಹೆಸರಿಟ್ಟ. ಮುಚ್ಚಿದ ಮೈ ಚೆನ್ನಾಗಿದೆ, ತೆರೆದ ಮೈ ಕೆಟ್ಟಿದೆ. ಆದ್ದರಿಂದ ಕಾರಣ ಹೊರಗಿನದು. ವುಡ್ರಫ್‌ನ ಪುಸ್ತಕಕ್ಕಿಂತ ಹನ್ನೊಂದು ವರ್ಷ ಮೊದಲೇ ಈ ಸರಳ ಗಮನ ದಾಖಲಾಗಿತ್ತು. ಕೇಳಿದವರು ಕಡಿಮೆ, ಏಕೆಂದರೆ ಸಾಮ್ರಾಜ್ಯಕ್ಕೆ ಬೇಕಾಗಿದ್ದದ್ದು ಮಿದುಳಿನ ಕಥೆ. ಎರಡನೆಯ ಮಹಾಯುದ್ಧದಲ್ಲಿ ಮರುಭೂಮಿಯಲ್ಲೂ ಬರ್ಮಾದ ಕಾಡಿನಲ್ಲೂ ಸೋಲಾ ಟೋಪಿ ಇಲ್ಲದೆ ಕಾದಿದ ಬಿಳಿ ಸೈನಿಕರ ಮಿದುಳು ಕರಗಲಿಲ್ಲ, ನಂಬಿಕೆ ಕುಸಿಯಿತು. 1944ರಲ್ಲಿ ಜಾರ್ಜ್ ಆರ್ವೆಲ್ ಪತ್ರಿಕೆಯಲ್ಲಿ ಅದನ್ನು ಗೇಲಿ ಮಾಡಿದ್ದು ಅದರ ಉತ್ತರಕ್ರಿಯೆಯಂತಿತ್ತು. ಆದರೆ ಮಗುವನ್ನು ತೊಳೆದ ನೀರಿನ ಜೊತೆಗೆ ಮಗುವೂ ಹೋಯಿತು. ಟೋಪಿಯ ಶಾಸ್ತ್ರ ಸುಳ್ಳಾಗಿತ್ತು, ಟೋಪಿಯ ಅಂಚು ಸುಳ್ಳಾಗಿರಲಿಲ್ಲ.

ಇವೆರಡನ್ನೂ ಬೇರ್ಪಡಿಸಿ ನೋಡಿದವರು ಒಬ್ಬರಿದ್ದರು, ಅವರು ಯಾರೂ ಊಹಿಸದ ವ್ಯಕ್ತಿ. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಗಾಂಧೀಜಿ ಸೋಲಾ ಟೋಪಿಯನ್ನು ಬಹಿರಂಗವಾಗಿ ಮೆಚ್ಚಿ ಬರೆದರು. ಯುರೋಪು ಕೊಟ್ಟ ಕೆಲವೇ ವರಗಳಲ್ಲಿ ಅದೂ ಒಂದು, ರಾಷ್ಟ್ರೀಯ ಪೂರ್ವಗ್ರಹ ಅಡ್ಡ ಬರದಿದ್ದರೆ ಅದನ್ನು ಜನಪ್ರಿಯಗೊಳಿಸುವ ಸಂಘಕ್ಕೆ ತಾನೇ ಅಧ್ಯಕ್ಷನಾಗುತ್ತಿದ್ದೆ ಎಂಬ ಧಾಟಿ ಅವರದು. ವಿದ್ಯಾವಂತ ಭಾರತೀಯ ಈ ಹವೆಗೆ ಒಗ್ಗದ ಪ್ಯಾಂಟನ್ನು ಹಾಕಿಕೊಂಡು, ಒಗ್ಗುವ ಟೋಪಿಯನ್ನು ಬಿಟ್ಟನಲ್ಲ ಎಂಬುದು ಅವರ ವ್ಯಥೆ. 1934ರ ಫೆಬ್ರವರಿಯಲ್ಲಿ ಅವರು ಹರಿಜನ ಯಾತ್ರೆಯಲ್ಲಿ ಕೊಡಗಿಗೆ ಬಂದಾಗ ಅವರ ಹೆಸರಿನ ಟೋಪಿ ದೇಶದ ಗುರುತಾಗಿ ಬಹಳ ಕಾಲವಾಗಿತ್ತು. ಖಾದಿಯ ಆ ಬಿಳಿ ಟೋಪಿಗೂ ಅಂಚಿರಲಿಲ್ಲ. ಪೇಟ ಹೋಗಿ ಗಾಂಧಿ ಟೋಪಿ ಬಂದರೂ ಗೌರವಕ್ಕೆ ಅಂಚು ಬೇಡ ಎಂಬ ಹಳೆಯ ನಿಯಮ ಮುರಿಯಲಿಲ್ಲ. ಸ್ವಾತಂತ್ರ್ಯದ ನಂತರ ತೋಟದ ಸಾಹುಕಾರರ ತಲೆಯ ಮೇಲೆ ಫೆಲ್ಟ್ ಹ್ಯಾಟು ಉಳಿಯಿತು, ಅದೂ ಅಂತಸ್ತಿನ ಗುರುತಾಗಿ. ಮೋಸ ಮಾಡುವುದಕ್ಕೆ ಕನ್ನಡದಲ್ಲಿ ಟೋಪಿ ಹಾಕುವುದು ಎನ್ನುತ್ತೇವೆ. ಟೋಪಿಯ ಬಗ್ಗೆ ನಮ್ಮ ಭಾಷೆಗೇ ಅಷ್ಟೊಂದು ವಿಶ್ವಾಸವಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಕಪ್ಪು, ಕಂದು ಚರ್ಮಕ್ಕೆ ಪ್ರಕೃತಿಯೇ ಕೊಡೆ ಹಿಡಿದಿದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ, ಬಿಳಿಯರ ಚಿಂತೆಯನ್ನು ನಾವೇಕೆ ಹೊರಬೇಕು? ಆಕ್ಷೇಪದ ಅರ್ಧ ಸರಿ. 1979ರ ಒಂದು ಅಧ್ಯಯನ ಕಪ್ಪು ಜನರ ಹೊರಚರ್ಮಕ್ಕೆ ಸರಾಸರಿ 13.4ರಷ್ಟು, ಬಿಳಿಯರದಕ್ಕೆ 3.4ರಷ್ಟು ರಕ್ಷಣೆಯ ಅಂಕ ಕೊಟ್ಟಿತು. ಆ ಅಂಕದಲ್ಲಿ ನಮ್ಮ ಜನರೆಲ್ಲ ಒಂದೇ ಕಡೆ ನಿಲ್ಲುವುದಿಲ್ಲ, ನಡುವೆ ಹರಡಿಕೊಳ್ಳುತ್ತಾರೆ. ಇನ್ನೂ ಮುಖ್ಯವಾದದ್ದು, ಚರ್ಮದ ಬಣ್ಣ ಕಣ್ಣನ್ನು ಕಾಯುವುದಿಲ್ಲ. ಜಗತ್ತಿನ ಕಣ್ಣಿನ ಪೊರೆಯ ಕುರುಡಿನಲ್ಲಿ ಒಂದು ಪಾಲಿಗೆ ಬಿಸಿಲೂ ಕಾರಣವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರಿಗುಡ್ಡೆಯ ಮೇಲೆ ಮಾಂಸದ ಪೊರೆ ಹಬ್ಬುವ ರೋಗ ಮೀನುಗಾರರಲ್ಲಿ, ರೈತರಲ್ಲಿ ಹೆಚ್ಚು. ಕೆನ್ನೆಯ ಬಂಗು ಬಿಸಿಲಿಗೆ ಕಪ್ಪಾಗುವುದು ಕಂದು ಮುಖಗಳಲ್ಲೇ ಹೆಚ್ಚು ಎದ್ದು ಕಾಣುತ್ತದೆ. ಹಾಗೆ ನೋಡಿದರೆ, ನಮ್ಮವರಿಗೆ ಟೋಪಿ ಬೇಡ ಎಂಬ ಮಾತು ವುಡ್ರಫ್‌ನ ತಲೆಬುರುಡೆ ಶಾಸ್ತ್ರದ ಉಳಿಕೆಯೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಕೊಡಗು ಮಂಜಿನ, ಮಳೆಯ ನಾಡು. ಗೊರಬು ಮಳೆಗೆ ಹುಟ್ಟಿದ್ದು. ಅದನ್ನು ಬಿಸಿಲ ಟೋಪಿ ಎನ್ನುವುದು ಇಲ್ಲದ ಬುದ್ಧಿವಂತಿಕೆಯನ್ನು ಹಿರಿಯರ ಮೇಲೆ ಹೇರಿದಂತಲ್ಲವೆ? ನಾಟಿಯ ಹೆಂಗಸರಿಗೆ ನೇರಳಾತೀತ ಕಿರಣ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಉದ್ದೇಶ ಬೇರೆ, ಫಲ ಬೇರೆ. ಮಾದಾಪುರ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಇಪ್ಪತ್ತರ ಆಚೀಚೆ ಇನ್ನೊಮ್ಮೆ. ಎರಡನೆಯ ಸಲ ಬಂದಾಗ ಅವನ ಮುಖ ಮೋಡದ ಹಿಂದೆ ಇರುತ್ತದೆ, ಅಷ್ಟೆ. ದಟ್ಟ ಮಳೆಮೋಡ ನೇರಳಾತೀತವನ್ನು ಬಹಳಷ್ಟು ತಡೆಯುತ್ತದೆ ನಿಜ. ಆದರೆ ತೆಳುಮೋಡದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ತೂರಿ ಬರಬಹುದು. ಹೊಳವಾದ ಮಧ್ಯಾಹ್ನ ಸೆಕೆ ಗೊತ್ತಾಗದೆಯೇ ಮುಖ ಸುಡುವುದು ಇದರಿಂದ. ಅಂಥ ಹೊತ್ತಿನಲ್ಲಿ ನೀರು ನಿಂತ ಗದ್ದೆಯಲ್ಲಿ ಬಗ್ಗಿದವಳ ಕತ್ತು, ಬೆನ್ನಿನ ಮೇಲೆ ಬೆಳಕು ತೂರದ ಹೊದಿಕೆಯಿತ್ತು. ಗೊರಬು ಭಾರ, ಗಾಳಿಗೆ ತಿರುಗುತ್ತದೆ, ಪಕ್ಕದಲ್ಲಿ ಏನಿದೆ ಕಾಣಗೊಡುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಬಂದಾಗ ಜನ ಅದನ್ನು ಬಿಟ್ಟದ್ದು ತಪ್ಪೆನ್ನಲಾಗದು. ಆದರೆ ಪಾರದರ್ಶಕ ಪಾಲಿಥೀನ್ ಹಾಳೆ ನೀರನ್ನು ತಡೆಯುತ್ತದೆ, ನೇರಳಾತೀತವನ್ನು ಬಹುಪಾಲು ಬಿಟ್ಟುಬಿಡುತ್ತದೆ. ನೆನೆಯುವುದು ನಿಂತಿತು, ಜೊತೆಗಿದ್ದ ನೆರಳೂ ಹೋಯಿತು. ಈಗ ತೋಟ, ಗದ್ದೆಗಳಲ್ಲಿ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆ ಕಿವಿಗೆ ಟವೆಲ್ ಸುತ್ತಿ, ಅದರ ಮೇಲೆ ಟೋಪಿ ಇಡುವುದನ್ನು ಕಾಣುತ್ತೇವೆ. ಯಾವ ಕಂಪನಿಯೂ ವಿನ್ಯಾಸ ಮಾಡದ ಈ ಉಡುಪಿಗೆ ಚರ್ಮವೈದ್ಯರೂ ಸೈ ಎನ್ನಬೇಕು.

ದೋಣಿಯ ಕಥೆ ಬದಲಾದದ್ದು ಈಚೆಗೆ. ಹುದುಗೂರಿನ ಬಳಿ ಹಾರಂಗಿ ಅಣೆಕಟ್ಟು 1982ರಲ್ಲಿ ಮುಗಿದು, 8.5 ಟಿಎಂಸಿ ನೀರು ನಿಲ್ಲುವಂತಾಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 2,859 ಅಡಿ ಎತ್ತರ. ಮಳೆಗಾಲದ ಹೊಳೆಗಳ ಸೀಮೆಗೆ ಮೊದಲ ಸಲ ಬೇಸಿಗೆಯಲ್ಲೂ ಬಯಲು ನೀರು ಬಂತು, ಬಿಸಿಲಿನ ದೋಣಿ ಬಂತು. ಕಾವೇರಿಯ ದುಬಾರೆಯಲ್ಲಿ ಪ್ರವಾಸಿಗಳನ್ನು ಆನೆ ಶಿಬಿರಕ್ಕೆ ದಾಟಿಸುವ ದೋಣಿಗಳೂ ರ್‍ಯಾಫ್ಟ್‌ಗಳೂ ಬಂದವು. ಮಲೆನಾಡಿನ ಅಂಬಿಗನಿಗೆ ಬಿಸಿಲ ಟೋಪಿ ಬೇಕಾದದ್ದು ಹೀಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಅಷ್ಟರಲ್ಲಿ ಓಲೆಯ ಟೊಪ್ಪಿ ಹೆಣೆಯುವ ಕೈಗಳು ಕಡಿಮೆಯಾಗಿದ್ದವು. ಹಿನ್ನೀರಿನ ಮೇಲಿನ ಬಿಸಿಲು ಮಂಗಳೂರಿನ ಕಡಲಕರೆಯದಕ್ಕಿಂತ ತಂಪೆನ್ನಿಸಿದರೂ ಹೆಚ್ಚು ಹರಿತ. ಸಾವಿರ ಮೀಟರ್ ಏರಿದರೆ ನೇರಳಾತೀತ ನೂರಕ್ಕೆ 10ರಿಂದ 12ರಷ್ಟು ಏರುತ್ತದೆ. ಈ ನೀರು ಹೆಚ್ಚುಕಡಿಮೆ ಆ ಎತ್ತರದ ಹತ್ತಿರವೇ ಇದೆ. ನೀರಿನಿಂದ ಮರಳಿ ಚಿಮ್ಮುವ ಪಾಲು ಜನ ಭಾವಿಸುವಷ್ಟಿಲ್ಲ, ನೂರಕ್ಕೆ 10ಕ್ಕಿಂತ ಕಡಿಮೆ. ಆದರೂ ಅದು ಕೆಳಗಿನಿಂದ ಬರುವುದರಿಂದ ಯಾವ ಅಂಚೂ ಅದನ್ನು ತಡೆಯದು. ಆದ್ದರಿಂದ ಟೋಪಿಯ ಕೆಳಗೆ ಕತ್ತಿಗೆ ಸುತ್ತಿದ ಚೌಕವೂ ಬೇಕು. ಪ್ರವಾಸಿಗಳು ಇಷ್ಟಪಡುವ ಕ್ರಿಕೆಟ್ ಕ್ಯಾಪು ಮೂಗಿನ ತುದಿಗೆ ಮಾತ್ರ ನ್ಯಾಯ ಮಾಡುತ್ತದೆ. ಕಿವಿ, ಕತ್ತು ಹೊರಗೇ. ಬಿಸಿಲ ರೋಗಕ್ಕೆ ಹೆಸರಾದ ಆಸ್ಟ್ರೇಲಿಯದಲ್ಲಿ ಸುತ್ತಲೂ ಏಳೂವರೆ ಸೆಂಟಿಮೀಟರ್, ಅಂದರೆ ಮೂರು ಅಂಗುಲ ಅಂಚಿರಬೇಕೆಂದು ಹೇಳುತ್ತಾರೆ. ತೊಪ್ಪಿಕ್ಕುಡದ ಅಂಚು ಅದಕ್ಕಿಂತ ಅಗಲ.

ಇಂದು ಕೊಡಗಿನ ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಕಟ್ಟಿಸುತ್ತಾರೆ, ಅದು ಸರಿಯಾದ ನಿಯಮ. ಹದಿನೈದು ನಿಮಿಷ ಕೂತು ಇಳಿಯುವ ಪ್ರವಾಸಿಗೆ ಮುಳುಗುವ ಭಯ ದೊಡ್ಡದು. ಬೆಳಗಿನಿಂದ ಸಂಜೆಯವರೆಗೆ ಅದೇ ನೀರಿನ ಮೇಲೆ ಹುಟ್ಟು ಹಾಕುವವನಿಗೆ ಬಿಸಿಲು ದೊಡ್ಡದು. ಜಾಕೆಟ್ಟುಗಳನ್ನು ಕೊಳ್ಳುವ ಪಟ್ಟಿಗೆ ದೋಣಿ ಸೇವೆ ನಡೆಸುವವರು ಅಂಬಿಗರಿಗಾಗಿ ಮೂರಂಗುಲ ಅಂಚಿನ, ಗದ್ದಕ್ಕೆ ದಾರ ಕಟ್ಟುವ ಒಂದೊಂದು ಟೊಪ್ಪಿಯನ್ನೂ ಸೇರಿಸಲಿ. ಬಟ್ಟೆಯದಾದರೂ ಸರಿ, ಓಲೆಯದಾದರೆ ಇನ್ನೂ ಸರಿ.